ಕೋಲಾರದ ಮೂರು ಕೆರೆ: ಯಾವ ಏರಿ, ಯಾವ ಕಾಲಕ್ಕೆ?

ಕೆರೆ ಸುತ್ತುವುದು ಅಂದರೆ ನಮ್ಮ ಸೀಮೆಯಲ್ಲಿ ಪೂರ್ತಿ ಪ್ರದಕ್ಷಿಣೆಯಲ್ಲ. ತಗ್ಗಿನ ಕಡೆ ಏರಿ. ನೀರು ಬರುವ ಕಡೆ ಹೊಲ, ಜೊಂಡು, ಮೊಣಕಾಲುದ್ದ ಕೆಸರು. ತುಂಬಿದ ಕೆರೆಯ ಹೆಚ್ಚಿನ ನೀರು ಹೊರಹೋಗುವ ಕೋಡಿಯಿಂದ ಹೊರಟು ಏರಿಯ ಇನ್ನೊಂದು ತುದಿ ಮುಟ್ಟಿ ಬಂದರೆ ಅದೇ ನಡಿಗೆ.

ಕೋಲಾರಮ್ಮನ ಕೆರೆಗೆ ಊರಿಂದ ನಡೆದೇ ಹೋಗಬಹುದು, ಶತಶೃಂಗ ಬೆಟ್ಟ ಎದುರಿಗೇ ಸಿಗುತ್ತದೆ. ಅದರ ಹೆಚ್ಚುಗಾರಿಕೆ ಅಷ್ಟೇ. ಊರಿಗಂಟಿದ ಕೆರೆಗೆ ಚರಂಡಿಯ ಕಾಟ ತಪ್ಪಿದ್ದಲ್ಲ. ದಿನದ ಅರ್ಧ ಗಂಟೆಗೆ ಸಾಕು.

ಬೇಸಿಗೆಗೆ ನರಸಾಪುರ. ಹೆದ್ದಾರಿಯಲ್ಲಿ ಬೆಂಗಳೂರಿನ ಕಡೆ ಸುಮಾರು 15 ಕಿ.ಮೀ. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂದ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ಕೆರೆಯಿಂದ ಕೆರೆಗೆ ಹರಿದು ಇಲ್ಲಿಗೂ ಸೇರಿತು. ಮಳೆಗೆ ಕಾಯಬೇಕಿಲ್ಲದ್ದರಿಂದ ಏಪ್ರಿಲ್‌ನಲ್ಲೂ ನಾಮದ ಕೋಳಿ, ನೀರುಕಾಗೆ, ಗುಳುಮುಳುಕದಂಥ ನೀರುಹಕ್ಕಿ ನೋಡಬಹುದು. ಆದರೆ ಇದು ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧಿ ಮಾಡಿದ ನೀರು, ಅಂತರ್ಜಲ ಹೆಚ್ಚಿಸಲು ಬಿಟ್ಟದ್ದು. ಮುಖ ತೊಳೆಯಬೇಡಿ, ಮಕ್ಕಳನ್ನು ಇಳಿಸಬೇಡಿ. ಇಂಥ ನೀರು ಧುಮುಕುವಲ್ಲಿ ನೊರೆ ಕಂಡರೆ ಅದು ಸೋಪಿನ ಪುಡಿಯ ಶೇಷ. ಗಾಳಿಗೆ ಮೈಮೇಲೆ ಹಾರುತ್ತದೆ. ಸಂಜೆ ನುಸಿ ಕಣ್ಣಿಗೇ ನುಗ್ಗುವುದರಿಂದ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸುವುದು ವಾಸಿ.

ನೋಟಕ್ಕೆ ಮಾತ್ರ ಬೇತಮಂಗಲದ ಮುಂದೆ ಇವೆರಡೂ ಸಪ್ಪೆ. ಪಾಲಾರ್ ನದಿಗೆ ಕಟ್ಟಿದ ಕೆರೆ, ಒಂದು ಕಾಲಕ್ಕೆ ಕೆಜಿಎಫ್‌ಗೆ ಕುಡಿಯುವ ನೀರು ಕೊಟ್ಟದ್ದು. ತೊಡಕು ಒಂದೇ: ಮಳೆಯನ್ನೇ ನಂಬಿದೆ. ಎಷ್ಟೋ ವರ್ಷ ಒಣಗಿದ್ದು, 2021ರ ನವೆಂಬರ್ ಮಳೆಗೆ ಕೋಡಿ ಹರಿದಾಗ ಜಿಲ್ಲೆಯೇ ನೋಡಲು ಹೋಯಿತು. ಆದ್ದರಿಂದ ಬಂಗಾರಪೇಟೆ ಕಡೆಯ ಪರಿಚಿತರಿಗೆ ಫೋನ್ ಮಾಡಿ, ನೀರಿದೆ ಅಂದರೆ ಮಾತ್ರ ಹೊರಡಿ. ನವೆಂಬರ್–ಜನವರಿ ಸರಿಯಾದ ಕಾಲ.

ಕೋಡಿ ಹರಿಯುವಾಗ ಕಲ್ಲಿನ ಮೇಲೆ ಪಾದ ಮುಳುಗುವಷ್ಟೇ ನೀರಿದ್ದರೂ ದಾಟಬೇಡಿ. ಪಾಚಿಗೆ ಯಾವ ಶೂ ಕೂಡ ನಿಲ್ಲುವುದಿಲ್ಲ. ಗದ್ದೆಗೆ ನೀರು ಬಿಡುವ ತೂಬಿನ ಬಳಿ ಈಜುವುದಂತೂ ಬೇಡವೇ ಬೇಡ, ಒಳಗೆ ಸೆಳೆತವಿರುತ್ತದೆ. ಹವಾಯಿ ಚಪ್ಪಲಿ ಜಾಲಿ ಮುಳ್ಳಿಗೆ ತಡೆಯದು, ದಪ್ಪ ಅಟ್ಟೆಯ ಶೂ ಬೇಕು. ಕೆರೆ ಒಣಗಿದೆಯೆಂದು ಅಂಗಳದಲ್ಲಿ ಅಡ್ಡ ಹಾಯುವವರು ಮೊದಲು ಕೋಲಿನಿಂದ ತಿವಿದು ನೋಡಲಿ: ಮೇಲೆ ಬಿರುಕು ಬಿಟ್ಟ ಹೆಂಟೆ, ಅಡಿಯಲ್ಲಿ ಹೂಳು. ಮಣ್ಣು ತೆಗೆದ ಗುಂಡಿಗಳಿದ್ದರೆ, ಮೊದಲ ಮಳೆಗೆ ತುಂಬಿದ ಮೇಲೆ ಅವುಗಳ ಆಳ ತಿಳಿಯುವುದೇ ಇಲ್ಲ.