ಇಪ್ಪತ್ತು ತಿಂಗಳು ಅಲೈನರ್ ಜೋಪಾನ ಮಾಡಿದ ಮೇಲೆ: ಡಬ್ಬಿ, ಮಾತ್ರೆ, ಮಷೀನ್ ಯಾವುದು ಕೆಲಸಕ್ಕೆ ಬಂತು?

ಹಲ್ಲಿಗೆ ಅಲೈನರ್ (ಸೊಟ್ಟ ಹಲ್ಲನ್ನು ನಿಧಾನಕ್ಕೆ ಸರಿ ಮಾಡುವ, ತೆಗೆದು ಹಾಕಬಹುದಾದ ಪಾರದರ್ಶಕ ಪ್ಲಾಸ್ಟಿಕ್ ಕವಚ) ಹಾಕಿಸಿಕೊಂಡ ವಾರದಲ್ಲೇ ಆನ್‌ಲೈನಿನಲ್ಲಿ ಮೂರು ಸಾಮಾನು ತರಿಸಿದೆ. ಮ್ಯಾಗ್ನೆಟ್ ಮುಚ್ಚಳದ ಡಬ್ಬಿ, ನೀರಿಗೆ ಹಾಕಿದರೆ ಬುಸ್ ಅಂತ ನೊರೆ ಬರುವ, ಅಲೈನರ್ ತೊಳೆಯುವ ಮಾತ್ರೆ, ಮತ್ತೆ ಎರಡು ಸಾವಿರದ ಹತ್ತಿರ ಕೊಟ್ಟು ನೀರನ್ನು ಸಣ್ಣಗೆ ಕಂಪಿಸಿ ತೊಳೆಯುವ ಒಂದು ಅಲ್ಟ್ರಾಸೋನಿಕ್ ಮಷೀನ್. ಈಗ ಆ ಮಷೀನಿನಲ್ಲಿ ಅತ್ತೆಯವರ ಬೆಳ್ಳಿ ಕಾಲುಂಗುರ ತೊಳೆಯುತ್ತೇವೆ. ಡಬ್ಬಿಯಲ್ಲಿ ಮಗ ರಬ್ಬರು, ಶಾರ್ಪ್ನರ್ ಇಟ್ಟುಕೊಂಡಿದ್ದಾನೆ. ಮಾತ್ರೆ ಮಾತ್ರ ಇವತ್ತಿಗೂ ತರಿಸುತ್ತೇನೆ.

ನಾನಿರುವುದು ವಿಜಯಪುರದಲ್ಲಿ. ಹೈಸ್ಕೂಲ್ ಟೀಚರ್. ಹಲ್ಲಿನ ಡಾಕ್ಟರು ಮೊದಲು ಒಂದಾದ ಮೇಲೊಂದು ಹಾಕಿಕೊಳ್ಳಲು 24 ಸೆಟ್ ಅಲೈನರ್ ಕೊಟ್ಟರು, ಒಂದೊಂದಕ್ಕೆ 10 ದಿನ. ಎರಡು ಹಲ್ಲು ಹೇಳಿದ ಮಾತು ಕೇಳಲಿಲ್ಲ ಅಂತ ಮತ್ತೆ 14 ಸೆಟ್. ನಡುವೆ ಹೊಸವು ಬರುವವರೆಗೆ ಕಾದದ್ದೂ ಸೇರಿ ಒಟ್ಟು 14 ತಿಂಗಳು ಹಿಡಿಯಿತು. ಈಗ ಆರು ತಿಂಗಳಿಂದ ರಾತ್ರಿ ಹೊತ್ತು ರಿಟೈನರ್, ಅಂದರೆ ಸರಿಯಾದ ಹಲ್ಲು ಮತ್ತೆ ಜರುಗದ ಹಾಗೆ ಹಿಡಿದಿಡುವ ಅಂಥದ್ದೇ ಕವಚ. ಹಲ್ಲು ಹೇಗಾದವು ಅನ್ನುವ ಕಥೆ ಇಲ್ಲಿ ಬರೆಯುವುದಿಲ್ಲ. ಇದು ಬರೀ ಇಡುವ, ತೊಳೆಯುವ ಪಾಡು.

ಅಲೈನರ್ ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲೇ ಇರಬೇಕು. ಅಂದರೆ ನಾಷ್ಟಾ, ಊಟ, ಚಹಾ, ಹಲ್ಲುಜ್ಜುವುದು ಎಲ್ಲ ಸೇರಿ ಅದು ಹೊರಗಿರುವುದು ಎರಡು ಗಂಟೆ, ಹೆಚ್ಚೆಂದರೆ ನಾಲ್ಕು. ಆಗುವ ಅನಾಹುತವೆಲ್ಲ ಆ ಹೊತ್ತಿನಲ್ಲೇ ಆಗುತ್ತದೆ. ನನಗಿದು ಗೊತ್ತಾಗುವಷ್ಟರಲ್ಲಿ ಎರಡು ಸಲ ಪೆಟ್ಟು ತಿಂದಿದ್ದೆ.

ಮೊದಲನೆಯದು ಏಪ್ರಿಲ್‌ನಲ್ಲಿ. ಶಾಲೆಯಲ್ಲಿ ಯಾರದೋ ಹುಟ್ಟುಹಬ್ಬ, ಕೇಕು ತಿಂದೆ. ಅಲೈನರನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ಸ್ಕೂಟಿಯ ಡಿಕ್ಕಿಯಲ್ಲಿಟ್ಟು ಪಕ್ಕದ ಬ್ಯಾಂಕಿಗೆ ಹೋದೆ. ಅಲ್ಲಿ ಒಂದೂವರೆ ಗಂಟೆ ಆಯಿತು. ನಮ್ಮೂರ ಏಪ್ರಿಲ್ ಬಿಸಿಲು ಗೊತ್ತಲ್ಲ, 40 ಡಿಗ್ರಿ ಅಂದರೆ ಇಲ್ಲಿ ಯಾರೂ ಬೆಚ್ಚಿ ಬೀಳುವುದಿಲ್ಲ. ಮೇಲೆ ಸೀಟು ಕಾದಿದೆ, ಕೆಳಗೆ ಇಂಜಿನ್ ಕಾದಿದೆ. ವಾಪಸ್ ಬಂದು ಹಾಕಿಕೊಂಡರೆ ಮುಂದಿನ ಹಲ್ಲಿಗೆ ಸರಿಯಾಗಿ ಕೂತಿತು, ದವಡೆ ಕಡೆ ಮಾತ್ರ ಎದ್ದು ನಿಂತಿತ್ತು. ಬೆರಳಲ್ಲಿ ಒತ್ತಿದರೆ ಕೂರುತ್ತೆ, ಬಿಟ್ಟರೆ ಏಳುತ್ತೆ. ಕಣ್ಣಿಗೆ ಏನೂ ವ್ಯತ್ಯಾಸ ಕಾಣುತ್ತಿರಲಿಲ್ಲ.

ಡಾಕ್ಟರು ಬೈಯಲಿಲ್ಲ, ತಿಳಿಸಿ ಹೇಳಿದರು. ಹಲ್ಲಿನ ಅಚ್ಚಿನ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ, ಒತ್ತಿ ಮಾಡಿದ ಸಾಮಾನು ಇದು. ಕಾಯಿಸಿ ಕೊಟ್ಟ ಆಕಾರ, ಮತ್ತೆ ಕಾದರೆ ಹೋಗುತ್ತದೆ. ಅದಕ್ಕೇ ಬಿಸಿನೀರಲ್ಲಿ ತೊಳೆಯಬಾರದು, ಹಾಕಿಕೊಂಡು ಬಿಸಿ ಚಹಾ ಕುಡಿಯಬಾರದು. ಈ ಎರಡು ಮಾತು ಎಲ್ಲರೂ ಹೇಳುತ್ತಾರೆ. ಸ್ಕೂಟಿ ಡಿಕ್ಕಿ ಬಗ್ಗೆ ಮಾತ್ರ ಯಾರೂ ಹೇಳಿರಲಿಲ್ಲ.

ಎರಡನೆಯದು ಕೊಲ್ಹಾರದಲ್ಲಿ. ಬಾಗಲಕೋಟೆಯಲ್ಲಿ ನಾದಿನಿಯ ಕುಬುಸ, ಬಸ್ಸಿನಲ್ಲಿ ಹೊರಟಿದ್ದೆವು. ಕೊಲ್ಹಾರ ಬಂತು ಅಂದರೆ ಮೊಸರು ಬಿಡುವುದುಂಟೇ? ಮನೆಯಿಂದ ತಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಜೊತೆಗೆ ಆ ಗಟ್ಟಿ ಮೊಸರು. ಡಬ್ಬಿ ಮೇಲಿನ ಬ್ಯಾಗಿನಲ್ಲಿತ್ತು. ಎದ್ದು ತೆಗೆಯಲು ಬೇಜಾರಾಗಿ ಅಲೈನರನ್ನು ರೊಟ್ಟಿ ಕಟ್ಟಿದ್ದ ಪೇಪರಿನ ತುದಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡೆ. ಊಟ ಮುಗಿಯಿತು. ನಮ್ಮವರು ಪೇಪರ್ ಮುದುಡಿ ಕಿಟಕಿಯಿಂದ ಕಸದ ಡಬ್ಬಿಗೆ ಎಸೆದರು. ಯಾವಾಗಲೂ ಗುರಿ ತಪ್ಪುವವರು, ಅವತ್ತು ಮಾತ್ರ ಸರಿಯಾಗಿ ಬಿತ್ತು. ಕೃಷ್ಣೆಯ ಸೇತುವೆ ಅರ್ಧ ದಾಟಿದ ಮೇಲೆ ನನಗೆ ಬಾಯಿ ಖಾಲಿ ಅನಿಸಿತು.

ಆ ಸೆಟ್ ಹಾಕಿ ನಾಲ್ಕೇ ದಿನವಾಗಿತ್ತು. ಫೋನ್ ಮಾಡಿದರೆ ಡಾಕ್ಟರು ಮೊದಲು ಕೇಳಿದ್ದೇ ಎಷ್ಟು ದಿನ ಹಾಕಿದ್ದಿರಿ ಅಂತ. ದಿನ ಹೆಚ್ಚಾಗಿದ್ದರೆ ಮುಂದಿನದಕ್ಕೆ ಹೋಗಿ ಅಂತಿದ್ದರೇನೋ, ನಾಲ್ಕೇ ದಿನ ಅಂದಾಗ ಹಿಂದಿನ ಸೆಟ್ ಹಾಕಿಕೊಂಡಿರಿ ಅಂದರು. ಪುಣ್ಯಕ್ಕೆ ಅದನ್ನು ಎಸೆದಿರಲಿಲ್ಲ, ಮನೆಯಲ್ಲಿತ್ತು. ಅವತ್ತಿನಿಂದ ಹಿಂದಿನ ಒಂದು ಸೆಟ್ಟನ್ನು ತೊಳೆದು ಒಣಗಿಸಿ, ನಂಬರ್ ಬರೆದ ಕವರಿನಲ್ಲಿ ಇಡುತ್ತಾ ಬಂದೆ.

ಈಗ ಡಬ್ಬಿ ವಿಚಾರ. ಮ್ಯಾಗ್ನೆಟ್ ಡಬ್ಬಿ ನೋಡೋಕೆ ಚೆಂದ. ಆದರೆ ಬ್ಯಾಗಿನಲ್ಲಿ ಸ್ಕೂಟಿಯ ಕೀ ಅದಕ್ಕೆ ಅಂಟಿಕೊಳ್ಳುತ್ತಿತ್ತು, ಕೀ ಎಳೆದರೆ ಮುಚ್ಚಳವೂ ತೆರೆಯುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ, ಗಾಳಿಗೆ ತೂತೇ ಇಲ್ಲ. ಒದ್ದೆ ಅಲೈನರ್ ಹಾಕಿ ಮುಚ್ಚಿಟ್ಟರೆ ಸಂಜೆ ತೆರೆದಾಗ ಎರಡು ದಿನ ತೊಳೆಯದ ಟಿಫಿನ್ ಡಬ್ಬಿಯ ವಾಸನೆ. ಈಗ ಮೆಡಿಕಲ್ ಶಾಪಿನಲ್ಲಿ ತಂದ ಸಾದಾ ಡಬ್ಬಿ ಬಳಸುತ್ತೇನೆ. ಹಿಂದೆ ಆರು ತೂತು, ಮುಚ್ಚಿದರೆ ಟಕ್ ಅನ್ನುತ್ತೆ, ಬಣ್ಣ ಕಡುಗೆಂಪು. ಬಣ್ಣದ ಮಾತು ಸುಮ್ನೆ ಹೇಳಿದ್ದಲ್ಲ. ಅಲೈನರೇ ಕಣ್ಣಿಗೆ ಕಾಣದ ಸಾಮಾನು, ಅದರ ಡಬ್ಬಿಯೂ ಬಿಳಿ ಇದ್ದರೆ ಹುಡುಕುವುದು ಯಾರು? ಮನೆಗೊಂದು, ಬ್ಯಾಗಿಗೊಂದು. ಡಬ್ಬಿಯನ್ನೂ ದಿನಾ ಸೋಪು ಹಾಕಿ ತೊಳೆಯಬೇಕು. ನಾನು ಮೊದಲ ಎರಡು ತಿಂಗಳು ತೊಳೆದೇ ಇರಲಿಲ್ಲ, ಹೇಳೋಕೆ ನಾಚಿಕೆ.

ತೊಳೆಯುವುದಕ್ಕೆ ಬಂದರೆ, ಟೂತ್‌ಪೇಸ್ಟ್ ಬೇಡ. ಮೊದಲನೇ ಸೆಟ್ಟನ್ನು ಪೇಸ್ಟ್ ಹಾಕಿ ಉಜ್ಜಿ ಉಜ್ಜಿ ಹಳೇ ಗಾಜಿನ ಲೋಟದ ಹಾಗೆ ಮಬ್ಬು ಮಾಡಿಕೊಂಡೆ. ಪೇಸ್ಟಿನಲ್ಲಿರುವ ಸಣ್ಣ ತರಿಗೆ ಹಲ್ಲು ತಡೆಯುತ್ತೆ, ಪ್ಲಾಸ್ಟಿಕ್ ತಡೆಯಲ್ಲ. ಗೀರು ಬಿದ್ದಲ್ಲಿ ಕೊಳೆ ಕೂರುತ್ತೆ. ಮಕ್ಕಳ ಮೆತ್ತನೆ ಬ್ರಷ್, ವಾಸನೆ ಬಣ್ಣ ಇಲ್ಲದ ಲಿಕ್ವಿಡ್ ಸೋಪು ಒಂದು ಹನಿ, ತಣ್ಣೀರು. ಬೆಳಿಗ್ಗೆ, ರಾತ್ರಿ ಇಷ್ಟೇ. ಊಟವಾದ ಮೇಲೆ ಹಲ್ಲುಜ್ಜಿ, ಕಡೆಗೆ ಬಾಯಾದರೂ ಚೆನ್ನಾಗಿ ಮುಕ್ಕಳಿಸಿ ಹಾಕಿಕೊಳ್ಳಬೇಕು.

ಒಮ್ಮೆ ಬದನೆಕಾಯಿ ಎಣ್ಣೆಗಾಯಿ ಉಂಡು ಹಾಗೇ ಹಾಕಿಕೊಂಡೆ. ಸಂಜೆಗೆ ಅಲೈನರ್ ಅರಿಷಿಣ ಹಚ್ಚಿದ ಮದುಮಗಳ ಹಾಗಾಗಿತ್ತು. ಅತ್ತೆಯವರು ನೋಡಿ, "ಮಾಳಿಗಿ ಮ್ಯಾಲ ಬಿಸಲಿಗಿ ಇಡವಾ, ಅರಿಷಿಣ ತಾನ ಹೊಕ್ಕೈತಿ" ಅಂದರು. ಅವರ ಮಾತು ಸುಳ್ಳಲ್ಲ. ಅರಿಷಿಣದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ, ಬಿಳಿ ಅಂಗಿಯ ಕಲೆಯನ್ನು ಅವರು ತೆಗೆಯುವುದೇ ಹಾಗೆ. ಆದರೆ ನಾನು ಡಿಕ್ಕಿಯಲ್ಲಿ ಬುದ್ಧಿ ಕಲಿತವಳು. ಮಾತ್ರೆ ಹಾಕಿ ನೆನೆಸಿದೆ. ಸ್ವಲ್ಪ ತಿಳಿಯಾಯಿತು, ಪೂರ್ತಿ ಹೋಗಲಿಲ್ಲ. ಇನ್ನು ಐದು ದಿನಕ್ಕೆ ಹೊಸ ಸೆಟ್ ಬರುತ್ತಲ್ಲ ಅಂತ ಬಿಟ್ಟೆ.

ಅಲ್ಲೇ ನನಗೆ ಹೊಳೆದದ್ದು. ಹತ್ತು ದಿನ ಬಾಳುವ ಸಾಮಾನಿಗೆ ಮಷೀನ್ ಯಾಕೆ? ಅಲೈನರ್ ಕಳೆಯುತ್ತೆ, ಸೊಟ್ಟಗಾಗುತ್ತೆ. ತೀರಾ ಕೊಳೆಯಾಗಲು ಅದಕ್ಕೆ ಪುರುಸೊತ್ತಿಲ್ಲ. ಹಾಗಾಗಿ ಆ 14 ತಿಂಗಳು ಜಾಸ್ತಿ ಉಪಯೋಗಕ್ಕೆ ಬಂದದ್ದು ಡಬ್ಬಿಯೇ.

ರಿಟೈನರ್ ಶುರುವಾದ ಮೇಲೆ ಲೆಕ್ಕ ತಿರುಗಿತು. ಅದೊಂದೇ ಜೊತೆ, ದಿನಾ ರಾತ್ರಿ, ತಿಂಗಳುಗಟ್ಟಲೆ. ಎರಡನೇ ತಿಂಗಳಿಗೆ ಕೆಳಗಿನದರ ಒಳಗೆ, ಮುಂದಿನ ಹಲ್ಲು ಕೂರುವ ಜಾಗದಲ್ಲಿ, ಬಿಳಿ ಪದರು ಕಟ್ಟಿತು. ಉಗುರಿನಿಂದ ಕೆರೆದರೆ ಗರಗರ ಅನ್ನುತ್ತೆ, ಬರುವುದಿಲ್ಲ. ಎಂಜಲಿನಲ್ಲಿರುವ ಸುಣ್ಣದ ಅಂಶ ಹಾಗೆ ಕೂರುತ್ತಂತೆ. ನಮ್ಮ ಮನೆಯ ಬೋರಿನ ನೀರೂ ಸವಳು, ನಲ್ಲಿಯ ಬಾಯಿಗೇ ಬಿಳಿ ಗಡ್ಡ ಬಂದಿದೆ. ಮಷೀನಿನಲ್ಲಿ ಅದೇ ನೀರು ಹಾಕಿ ಮೂರು ಸಲ ಓಡಿಸಿದೆ. ಗುಂಯ್ ಅಂತು ಅಷ್ಟೇ. ಪದರು ಹೋಗಿದ್ದು ಬಿಳಿ ವಿನೆಗರಿನಿಂದ. ಒಂದು ಪಾಲು ವಿನೆಗರ್, ಮೂರು ಪಾಲು ನೀರು, 20 ನಿಮಿಷ ನೆನೆಸಿ ಬ್ರಷ್ ಮಾಡಿದರೆ ಪುಡಿಪುಡಿಯಾಗಿ ಬಂತು. ಮರುದಿನದವರೆಗೆ ಬಾಯಲ್ಲಿ ಉಪ್ಪಿನಕಾಯಿ ಭರಣಿಯ ವಾಸನೆ ಇತ್ತು ಅನ್ನುವುದೂ ನಿಜ. ಈಗ ಕಡೆಯ ಸಲ ತೊಳೆಯುವುದಕ್ಕೆ ಕುಡಿಯಲು ತರುವ ಕ್ಯಾನಿನ ನೀರು ಬಳಸುತ್ತೇನೆ. ಅರ್ಧ ಲೋಟ ಸಾಕು. ಪದರು ಈಗ ನಿಧಾನ.

ಮಾತ್ರೆ ವಾರಕ್ಕೆರಡು ಸಲ. ಕಟ್ಟಿಸಿಕೊಂಡ ಹಲ್ಲಿನ ಸೆಟ್ ತೊಳೆಯಲು ಹಿರಿಯರು ಬಳಸುವ ಮಾತ್ರೆಯೇ ಇದಕ್ಕೂ ನಡೆಯುತ್ತೆ ಅಂತ ಡಾಕ್ಟರು ಹೇಳಿದರು, ಒಂದಕ್ಕೆ ಏಳೆಂಟು ರೂಪಾಯಿ ಬೀಳುತ್ತದೆ. ಪ್ಯಾಕೆಟ್ ಮೇಲೆ ಉಗುರು ಬೆಚ್ಚಗಿನ ನೀರು ಅಂತಿದ್ದರೂ ನಾನು ತಣ್ಣೀರಿಗೇ ಹಾಕುತ್ತೇನೆ, ಸ್ವಲ್ಪ ಹೊತ್ತು ಜಾಸ್ತಿ ಬಿಡಬೇಕು. ಕೆಲವು ಮಾತ್ರೆಯಲ್ಲಿ ಪರ್‌ಸಲ್ಫೇಟ್ ಅನ್ನುವ ರಾಸಾಯನಿಕ ಇರುತ್ತೆ, ಅದು ಕೆಲವರಿಗೆ ಅಲರ್ಜಿ. ನೆನೆಸಿದ ಮೇಲೆ ಚೆನ್ನಾಗಿ ತೊಳೆಯದೆ ಬಾಯಿಗೆ ಹಾಕಬೇಡಿ. ಚಿಕ್ಕ ಮಕ್ಕಳ ಕೈಗೂ ಸಿಗಬಾರದು, ನೋಡೋಕೆ ಪೆಪ್ಪರ್‌ಮಿಂಟ್ ಹಾಗೇ ಇರುತ್ತೆ.

ಮೊನ್ನೆ ತೊಳೆಯುವಾಗ ಮೇಲಿನ ರಿಟೈನರಿನ ಬಲಗಡೆ, ದವಡೆ ಹಲ್ಲಿನ ಹತ್ತಿರ, ಕೂದಲೆಳೆಯಷ್ಟು ಸೀಳು ಕಂಡಿತು. ಯಾವಾಗಲೂ ಬಲಗೈಯಿಂದ ಅದೇ ಕಡೆ ಹಿಡಿದು ಎಳೆಯುತ್ತೇನೆ, ಅದಕ್ಕೇ ಇರಬೇಕು. ಎರಡೂ ಕಡೆ ದವಡೆಯ ಒಳಗಿನಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿಕೊಂಡು ತೆಗೆಯಿರಿ ಅಂತ ಮೊದಲ ದಿನವೇ ಹೇಳಿಕೊಟ್ಟಿದ್ದರು. ಈ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಡಾಕ್ಟರ ಹತ್ತಿರ ಹೋಗುತ್ತೇನೆ, ಕೆಂಪು ಡಬ್ಬಿ ಹಿಡಿದುಕೊಂಡು. ಡಿಕ್ಕಿಯಲ್ಲಲ್ಲ, ಕೈಚೀಲದಲ್ಲಿ.