‘ಗ್ರಾಫ್ ಸ್ಪೀ ಉಕ್ಕಿನ ಪಿಸ್ತೂಲು’ ಅಂತ ಯಾರಾದರೂ ಮಾರಲು ಬಂದರೆ

ಅಮೆರಿಕದಲ್ಲಿದ್ದು ಹಳೇ ಬಂದೂಕು, ಪಿಸ್ತೂಲು ಸಂಗ್ರಹಿಸುವ ಕನ್ನಡದವರು ಜಾಸ್ತಿ ಇಲ್ಲ. ಆದರೆ ಇದ್ದೇವೆ. ನಿಮ್ಮಲ್ಲಿ ಯಾರಾದರೂ ಅರ್ಜೆಂಟೀನಾದ ಬ್ಯಾಲೆಸ್ಟರ್-ಮೊಲಿನಾ ಪಿಸ್ತೂಲು ಕೊಳ್ಳುವ ಯೋಚನೆಯಲ್ಲಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಗ್ರಾಫ್ ಸ್ಪೀ ಎಂಬ ಮುಳುಗಿದ ಜರ್ಮನ್ ಯುದ್ಧನೌಕೆಯ ಉಕ್ಕಿನಿಂದ ಮಾಡಿದ್ದು ಅನ್ನುವ ಮಾತು ನಂಬಿ, ಹೋದ ವರ್ಷ ಅಂಥದ್ದೊಂದಕ್ಕೆ ನಾನು 1,900 ಡಾಲರ್ ಕೊಟ್ಟೆ. ದುಡ್ಡು ಹೋಗಿದ್ದು ಒಂದು ಕಡೆ ಇರಲಿ. ಆ ಪಿಸ್ತೂಲಿಗೆ ಗುಂಡು ತುಂಬಿದ್ದರೆ ಕುದುರೆ (ಟ್ರಿಗರ್) ಮುಟ್ಟದೆಯೇ ಹಾರಿಬಿಡುವ ಸ್ಥಿತಿಯಲ್ಲಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ವಿರಾಜಪೇಟೆ ಕಡೆ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಅಜ್ಜ ಕೋವಿ ಒರೆಸಿ, ನಳಿಗೆಯ ಬಾಯಿಗೆ ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜೆಗೆ ಇಡುತ್ತಿದ್ದರು. ಎಣ್ಣೆಯ ವಾಸನೆ ಈಗಲೂ ಮೂಗಿನಲ್ಲಿದೆ. ಟೆಕ್ಸಾಸ್‌ಗೆ ಬಂದು ಪೌರತ್ವ ಸಿಕ್ಕ ಮೇಲೆ ನಾನೂ ಒಂದೊಂದೇ ಹಳೇ ಆಯುಧ ಕೊಳ್ಳಲು ಶುರು ಮಾಡಿದೆ. ದಕ್ಷಿಣ ಅಮೆರಿಕದವು ನನಗೆ ಹೆಚ್ಚು ಇಷ್ಟ. ಯಾಕೆಂದರೆ ಅಲ್ಲಿನ ಸೇನೆಗಳು ದುಡ್ಡು ಕೊಟ್ಟು ಒಳ್ಳೇ ಮಾಲನ್ನೇ ಮಾಡಿಸಿಕೊಂಡವು. ಅರ್ಜೆಂಟೀನಾ ತನ್ನ 1891ರ ಮೌಸರ್ ರೈಫಲ್‌ಗಳನ್ನು ಬರ್ಲಿನ್ನಿನ ಲುಡ್ವಿಗ್ ಲೋವೆ ಕಾರ್ಖಾನೆಗೆ ಆರ್ಡರ್ ಕೊಟ್ಟು ಮಾಡಿಸಿತು. ಗುಂಡಿನ ಹಿಂದೆ ಬಾಗಿಲಿನ ಹಾಗೆ ಮುಚ್ಚುವ ಅದರ ಬೋಲ್ಟ್ ಎಳೆದರೆ ಇವತ್ತಿಗೂ ಬೆಣ್ಣೆಯ ಹಾಗೆ ಜಾರುತ್ತದೆ.

ಬ್ಯಾಲೆಸ್ಟರ್-ಮೊಲಿನಾದ ಕಥೆ ಬೇರೆ. ಅದು ಅರ್ಜೆಂಟೀನಾದವರು ತಮ್ಮ ನೆಲದಲ್ಲೇ ಮಾಡಿದ್ದು. ಮಾಡಿದ ಕಂಪನಿ ಬ್ಯೂನಸ್ ಐರಿಸ್‌ನ ಹಾಫ್‌ಡಾಸಾ. ಆ ಹೆಸರನ್ನು ಬಿಡಿಸಿ ಓದಿದರೆ ಅದರೊಳಗೆ ಮೋಟಾರು ಕಾರ್ಖಾನೆ ಅಂತಲೇ ಇದೆ. ಸೇನೆಗೆ ಅದಾಗಲೇ ಅಮೆರಿಕದ ಕೋಲ್ಟ್ 1911 ಮಾದರಿ ಪರಿಚಯವಿತ್ತು. 1927ರ ಮಾದರಿ ಅಂತ ಕೋಲ್ಟ್ ಕಂಪನಿಯಿಂದಲೇ 10,000 ತರಿಸಿಕೊಂಡಿತ್ತು. ಅದಕ್ಕಿಂತ ಕಡಿಮೆ ಬೆಲೆಗೆ, ಅದೇ ಪಾಯಿಂಟ್ 45 ಗುಂಡು ಹಾರಿಸುವ ಪಿಸ್ತೂಲು ಸೇನೆಗೂ ಪೊಲೀಸರಿಗೂ ಬೇಕಿತ್ತು. 1938ರಲ್ಲಿ ಹಾಫ್‌ಡಾಸಾ ಅದನ್ನು ಮಾಡಲು ಶುರು ಮಾಡಿತು. 1953ರವರೆಗೂ ಮಾಡಿತು. ನೋಡಲು ಕೋಲ್ಟ್‌ನ ತಮ್ಮನ ಹಾಗಿದೆ. ಆದರೆ ಹಿಡಿಯ ಹಿಂಭಾಗದಲ್ಲಿ ಕೋಲ್ಟ್‌ಗೆ ಇರುವ ಗ್ರಿಪ್ ಸೇಫ್ಟಿ (ಹಿಡಿಯನ್ನು ಬಿಗಿಯಾಗಿ ಹಿಡಿಯದೆ ಗುಂಡು ಹಾರದಂತೆ ತಡೆಯುವ ಭಾಗ) ಇದರಲ್ಲಿ ಇಲ್ಲ. ಕೋಲ್ಟ್‌ನ ಕುದುರೆ ನೇರ ಹಿಂದಕ್ಕೆ ಸರಿಯುತ್ತದೆ, ಇದರದು ಕೀಲಿನ ಮೇಲೆ ತಿರುಗುತ್ತದೆ. ಪಿಸ್ತೂಲಿನ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುವ ಸ್ಲೈಡ್ ಹಿಂಭಾಗದ ಗೀರುಗಳೂ ಒಂದೇ ಸಮ ಇರುವುದಿಲ್ಲ. ಗುಂಪು ಗುಂಪಾಗಿ, ನಡುವೆ ಜಾಗ ಬಿಟ್ಟು ಇರುತ್ತವೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಈಗ ನನಗೆ ಆಗಿದ್ದು. ಒಂದು ಹರಾಜಿನಲ್ಲಿ ಈ ಪಿಸ್ತೂಲು ಬಂತು. ಮಾರುವವರು ಬರೆದಿದ್ದು ಹೀಗೆ: 1939ರಲ್ಲಿ ತಯಾರಾದದ್ದು, ಮುಳುಗಿದ ಜರ್ಮನ್ ಯುದ್ಧನೌಕೆ ಅಡ್ಮಿರಲ್ ಗ್ರಾಫ್ ಸ್ಪೀಯ ಉಕ್ಕಿನಿಂದ ಮಾಡಿದ್ದು, ಎಲ್ಲ ಭಾಗವೂ ಮೂಲದ್ದೇ, ಜೊತೆಗೆ ಸರ್ಟಿಫಿಕೇಟ್ ಇದೆ. ಅದೇ ಸ್ಥಿತಿಯ ಬೇರೆ ಬ್ಯಾಲೆಸ್ಟರ್-ಮೊಲಿನಾಗಳು ಆಗ ಅರ್ಧ ಬೆಲೆಗೆ ಸಿಗುತ್ತಿದ್ದವು. ಅದು ನನಗೆ ಗೊತ್ತಿತ್ತು. ಆದರೂ ಕೊಟ್ಟೆ.

ಯಾಕೆ ಕೊಟ್ಟೆ ಅಂದರೆ, ಗ್ರಾಫ್ ಸ್ಪೀ ಕಥೆ ಗೊತ್ತಿದ್ದವರಿಗೆ ಅದು ಮನಸ್ಸಿಗೆ ಹಿಡಿಯುತ್ತದೆ. 1939ರ ಡಿಸೆಂಬರ್ 13ರಂದು ರಿಯೋ ಡಿ ಲಾ ಪ್ಲಾಟಾ ನದಿಯ ಅಳಿವೆಯ ಹೊರಗೆ ಎಕ್ಸೆಟರ್, ಅಜಾಕ್ಸ್, ಅಕಿಲೀಸ್ ಎಂಬ ಬ್ರಿಟಿಷ್ ಕಡೆಯ ಮೂರು ನೌಕೆಗಳ ಜೊತೆ ಅದರ ಕಾಳಗ ನಡೆಯಿತು. ಪೆಟ್ಟು ತಿಂದು ಉರುಗ್ವೆಯ ಮಾಂಟೆವಿಡಿಯೊ ಬಂದರಿಗೆ ಹೋಯಿತು. ಅಲ್ಲಿ ಜಾಸ್ತಿ ದಿನ ನಿಲ್ಲಲು ಬಿಡಲಿಲ್ಲ. 17ರ ಸಂಜೆ ಕ್ಯಾಪ್ಟನ್ ಹಾನ್ಸ್ ಲಾಂಗ್ಸ್‌ಡಾರ್ಫ್ ಹಡಗನ್ನು ಹೊರಗೆ ಒಯ್ದು ತಾವೇ ಸ್ಫೋಟಿಸಿ ಮುಳುಗಿಸಿದರು. ಸಾವಿರಕ್ಕೂ ಹೆಚ್ಚು ನಾವಿಕರು ಬ್ಯೂನಸ್ ಐರಿಸ್ ಸೇರಿ ಬದುಕಿದರು. ಅವರೆಲ್ಲ ಸುರಕ್ಷಿತ ಅಂತ ಆದ ಮೇಲೆ ಲಾಂಗ್ಸ್‌ಡಾರ್ಫ್ ಅದೇ ಊರಿನ ಹೋಟೆಲಿನಲ್ಲಿ ಗುಂಡು ಹಾರಿಸಿಕೊಂಡು ಸತ್ತರು. ಆ ಹಡಗಿನ ಒಂದು ತುಂಡು ನನ್ನ ಕೈಯಲ್ಲಿ ಇರುತ್ತದೆ ಅಂದುಕೊಂಡೆ. ಅಷ್ಟೇ ಸಾಕಾಯಿತು.

ಪಿಸ್ತೂಲು ನಮ್ಮೂರಿನ ಲೈಸೆನ್ಸ್ ಇರುವ ಡೀಲರ್ ಹತ್ತಿರ ಬಂತು. ಫಾರಂ ತುಂಬಿದೆ, ತಪಾಸಣೆ ಆಯಿತು, ಮನೆಗೆ ತಂದೆ. ಕೈಗೆ ಬಂದ ಮೂರು ದಿನದೊಳಗೆ ವಾಪಸ್ ಮಾಡಬಹುದು ಅಂತ ಮಾರುವವರ ಷರತ್ತಿತ್ತು. ಆಫೀಸ್ ಕೆಲಸ ಜಾಸ್ತಿ ಇದ್ದುದರಿಂದ ಆ ಮೂರು ದಿನ ಪೆಟ್ಟಿಗೆ ತೆಗೆದು ಸುಮ್ನೆ ನೋಡಿ ಇಟ್ಟೆನೇ ಹೊರತು ಬಿಚ್ಚಿ ಪರೀಕ್ಷೆ ಮಾಡಲಿಲ್ಲ. ದೊಡ್ಡ ತಪ್ಪು ನಾನು ಮಾಡಿದ್ದು ಅಲ್ಲೇ.

ಮುಂದಿನ ವಾರ ಅದನ್ನು ಇಲ್ಲಿನ ಒಬ್ಬ ಹಿರಿಯ ಬಂದೂಕು ಮೆಕ್ಯಾನಿಕ್ ಹತ್ತಿರ ಒಯ್ದೆ. ವಯಸ್ಸು ಎಪ್ಪತ್ತು ದಾಟಿದೆ. ಅವರು ಸರ್ಟಿಫಿಕೇಟ್ ಕಡೆ ಕಣ್ಣು ಹಾಯಿಸಲಿಲ್ಲ. ಮ್ಯಾಗಜೀನ್ ತೆಗೆದರು. ಗುಂಡು ಕೂರುವ ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಿನಲ್ಲಿ ನೋಡಿ, ಕಿರುಬೆರಳು ತೂರಿಸಿಯೂ ನೋಡಿದರು. ಸ್ಲೈಡ್ ಹಿಂದಕ್ಕೆ ಎಳೆದು ಬಿಟ್ಟರು. ಟಪ್ ಅಂತ ಮುಚ್ಚಿತು. ಗುಂಡು ಹಾರಿಸಲು ಬಡಿಯುವ ಹ್ಯಾಮರ್ ಹಿಂದಕ್ಕೆ ಎದ್ದೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಸ್ಲೈಡ್ ಹಿಂದೆಯೇ ಬಂದು ಅರ್ಧಕ್ಕೆ ಸಿಕ್ಕಿಕೊಂಡಿತು. ಐದು ಸಲ ಮಾಡಿದರು. ಮೂರು ಸಲ ಹಾಗೇ ಆಯಿತು. ಒಳಗೆ ಗುಂಡು ಇದ್ದು, ಹ್ಯಾಮರನ್ನು ಅರ್ಧಕ್ಕೆ ತಡೆದ ಆ ಕಚ್ಚೂ ಸವೆದಿದ್ದರೆ ಏನಾಗುತ್ತಿತ್ತು ಅಂತ ಅವರು ಹೇಳಲಿಲ್ಲ. ನನ್ನ ಮುಖ ನೋಡಿದರು, ಅಷ್ಟೇ.

ಬಿಚ್ಚಿದಾಗ ಕಾರಣ ಸಿಕ್ಕಿತು. ಹ್ಯಾಮರನ್ನು ಎತ್ತಿ ಹಿಡಿಯುವ ಸಿಯರ್ ಎಂಬ ಸಣ್ಣ ಭಾಗದ ತುದಿಯನ್ನು ಯಾರೋ ಅರದಿಂದ ಉಜ್ಜಿದ್ದರು. ಕುದುರೆ ಹಗುರವಾಗಲಿ ಅಂತ ಹಿಂದೆ ಯಾವಾಗಲೋ ಮಾಡಿರಬೇಕು. ಅರದ ಗೀರುಗಳು ಭೂತಗನ್ನಡಿಯಲ್ಲಿ ಹೊಲದ ಸಾಲಿನ ಹಾಗೆ ಕಾಣುತ್ತಿದ್ದವು. ಬ್ಯಾರೆಲ್ ಕೂಡ ಅರ್ಜೆಂಟೀನಾದ್ದಲ್ಲ. ಕೋಲ್ಟ್ 1911ರ ಬ್ಯಾರೆಲ್, ಮ್ಯಾಗಜೀನ್ ಎರಡೂ ಇದಕ್ಕೆ ಹೊಂದುತ್ತವೆ. ಹಾಗಾಗಿ ಯಾರೋ ಅಮೆರಿಕದ ಅಂಗಡಿಯ ಹೊಸ ಬ್ಯಾರೆಲ್ ಹಾಕಿ, ಅದರ ಮೇಲಿನ ಅಕ್ಷರಗಳನ್ನು ಉಜ್ಜಿ, ಕಪ್ಪು ಬಣ್ಣ ಕೊಟ್ಟಿದ್ದರು. ಮೂಲ ಬ್ಯಾರೆಲ್ ಆಗಿದ್ದರೆ ಅದರ ಮೇಲೂ ನಂಬರ್ ಇರಬೇಕಿತ್ತು. ಇರಲಿಲ್ಲ. ಸ್ಲೈಡ್ ಮೇಲಿನ ಬರಹವನ್ನು ಉಗುರಿನಿಂದ ಸವರಿ ನೋಡಿ ಅಂದರು. ಒತ್ತಿ ಮೂಡಿಸಿದ ಅಕ್ಷರದ ಅಂಚು ಉಗುರಿಗೆ ಚೂಪಾಗಿ ತಾಗಬೇಕು. ಇದರಲ್ಲಿ ಅಂಚುಗಳು ಕರಗಿ ಹೋದ ಸಾಬೂನಿನ ಹಾಗಿದ್ದವು. ಪಾಲಿಶ್ ಚಕ್ರಕ್ಕೆ ಹಿಡಿದು ತುಕ್ಕು ತೆಗೆದು ಹೊಸದಾಗಿ ಬಣ್ಣ ಮಾಡಿದ್ದರ ಗುರುತು ಅದು. ಫೋಟೋದಲ್ಲಿ ನನಗೆ ಚೆಂದ ಕಂಡಿದ್ದು ಆ ಹೊಳಪೇ.

ಇನ್ನು ಹಡಗಿನ ಉಕ್ಕು. ಮನೆಗೆ ಬಂದು ಆ ಕಾಗದವನ್ನು ತಣ್ಣಗೆ ಕೂತು ಓದಿದೆ. ತಯಾರಿ ವರ್ಷ 1939 ಅಂತ ಇತ್ತು. ಹಡಗು ಮುಳುಗಿದ್ದು ಅದೇ ವರ್ಷದ ಡಿಸೆಂಬರ್ 17ಕ್ಕೆ. ಉಳಿದಿದ್ದು 14 ದಿನ. ಅಷ್ಟರಲ್ಲಿ ಇನ್ನೊಂದು ದೇಶದ ನೀರಿನಲ್ಲಿ ಬಿದ್ದ ಹಡಗನ್ನು ಕತ್ತರಿಸಿ, ಉಕ್ಕು ಕರಗಿಸಿ, ಪಿಸ್ತೂಲು ಮಾಡಿ ಮುಗಿಸುವುದು ಸಾಧ್ಯವಾ? ಇನ್ನೊಂದು ವಿಷಯ. ಮೊದಲ ವರ್ಷಗಳಲ್ಲಿ ಈ ಪಿಸ್ತೂಲಿನ ಮೇಲೆ ಬ್ಯಾಲೆಸ್ಟರ್-ರಿಗೌಡ್ ಅಂತ ಹೆಸರಿರುತ್ತಿತ್ತು. ಮೊಲಿನಾ ಹೆಸರು ಬಂದದ್ದು 1940ರ ಸುಮಾರಿಗೆ. ನನ್ನ ಪಿಸ್ತೂಲಿನ ಮೇಲೆ ಮೊಲಿನಾ ಅಂತಲೇ ಇದೆ. ಅಂದರೆ ಕಾಗದ ಹೇಳುವ ವರ್ಷವೇ ಸುಳ್ಳು. ಈ ಎರಡು ಮಾತು ಸಾಕಿತ್ತು, ದುಡ್ಡು ಕಟ್ಟುವ ಮೊದಲೇ ನಾನು ಹಿಡಿಯಬಹುದಿತ್ತು.

ಹಡಗಿನ ಅವಶೇಷದ ಕಥೆಯೂ ಹೊಂದುವುದಿಲ್ಲ. ಅದರ ಗುಜರಿ ಹಕ್ಕನ್ನು 1940ರಲ್ಲಿ ಕೊಂಡಿದ್ದು ಬ್ರಿಟಿಷರು, ಮಾಂಟೆವಿಡಿಯೊದ ಒಬ್ಬರನ್ನು ಮುಂದೆ ಬಿಟ್ಟುಕೊಂಡು. ಅವರಿಗೆ ಬೇಕಿದ್ದದ್ದು ಅದರ ರಾಡಾರ್. ಹಡಗಿನ ಬಹುಪಾಲು ನೀರಿನಲ್ಲೇ ಉಳಿಯಿತು. 2004ರಲ್ಲಿ ಅದರ ದೂರಮಾಪಕವನ್ನು, 2006ರಲ್ಲಿ ಹಿಂಭಾಗದ ದೊಡ್ಡ ಕಂಚಿನ ಹದ್ದನ್ನು ಮೇಲೆತ್ತಿದ್ದು ನೆನಪಿರಬಹುದು. ಹಾಗಾದರೆ ಈ ಕಥೆ ಎಲ್ಲಿಂದ ಹುಟ್ಟಿತು? ನನಗೆ ಅನ್ನಿಸುವುದು ಇಷ್ಟು. ಯುದ್ಧದ ಕಾಲದಲ್ಲಿ ಹೊರಗಿನಿಂದ ಉಕ್ಕು ಬರುವುದು ಕಷ್ಟವಾಗಿತ್ತು. ಅರ್ಜೆಂಟೀನಾದ ಸಾಪ್ಲಾ ಕುಲುಮೆಯಲ್ಲಿ ಮೊದಲ ಸಲ ಕಬ್ಬಿಣ ಹರಿದದ್ದೇ 1945ರಲ್ಲಿ. ಉಕ್ಕಿಲ್ಲದ ದೇಶ ಪಿಸ್ತೂಲು ಮಾಡುತ್ತಿದೆ, ಪಕ್ಕದ ನೀರಿನಲ್ಲಿ ಇಷ್ಟು ದೊಡ್ಡ ಉಕ್ಕಿನ ಹಡಗು ಬಿದ್ದಿದೆ. ಜನ ಎರಡನ್ನೂ ಸೇರಿಸಿ ಮಾತಾಡಿರಬೇಕು. ಮಾತಾಡಲಿ, ತಪ್ಪಿಲ್ಲ. ಅದಕ್ಕೆ ಬೆಲೆ ಕಟ್ಟಿ ಮಾರುವುದು ಮೋಸ.

ಬೇಸರ ಏನೆಂದರೆ, ಈ ಪಿಸ್ತೂಲಿಗೆ ಸುಳ್ಳು ಕಥೆ ಬೇಕಾಗೇ ಇಲ್ಲ. ಬ್ರಿಟಿಷರು ಯುದ್ಧದ ಸಮಯದಲ್ಲಿ ಸಾವಿರಾರು ಬ್ಯಾಲೆಸ್ಟರ್-ಮೊಲಿನಾ ಕೊಂಡರು. ಅವುಗಳ ನಂಬರಿನ ಮುಂದೆ ಬಿ ಅಕ್ಷರ ಇರುತ್ತದೆ. ಅದು ನಿಜವಾದ ಇತಿಹಾಸ. 1941ರಲ್ಲಿ ಅರ್ಜೆಂಟೀನಾದ ಸೇನಾಧಿಕಾರಿ ಮಾನುಯೆಲ್ ಸಾವಿಯೊ ಮುಂದೆ ನಿಂತು ಮಿಲಿಟರಿ ಕಾರ್ಖಾನೆಗಳ ನಿರ್ದೇಶನಾಲಯ ಕಟ್ಟಿದರು, ಆಮೇಲೆ ರೊಸಾರಿಯೊ ಊರಿನಲ್ಲಿ 1927ರ ಕೋಲ್ಟ್ ಮಾದರಿಯನ್ನು ಅಲ್ಲೇ ಮಾಡಿದರು. ಅದೂ ಇತಿಹಾಸವೇ. ಅದರ ಮೇಲೆ 11.25 ಮಿಲಿಮೀಟರ್ ಅಂತ ಬರೆದಿರುತ್ತದೆ, ನಮ್ಮ ಪಾಯಿಂಟ್ 45 ಗುಂಡೇ ಅದು. ಬೇರೆ ಗುಂಡು ಅಂತ ಹೆದರಿಸಿಯೋ, ಅಪರೂಪದ ಮಾಲು ಅಂತ ಹೊಗಳಿಯೋ ಮಾರುವವರು ಇದ್ದಾರೆ. ನಂಬಬೇಡಿ.

ರೈಫಲ್ ಕೊಳ್ಳುವವರಿಗೂ ಒಂದು ಮಾತು. ಅರ್ಜೆಂಟೀನಾದ 1891 ಮತ್ತು 1909ರ ಮೌಸರ್‌ಗಳ ಮೇಲಿನ ರಾಷ್ಟ್ರ ಲಾಂಛನವನ್ನು ಎಷ್ಟೋ ರೈಫಲ್‌ಗಳಲ್ಲಿ ಉಜ್ಜಿ ತೆಗೆದಿರುತ್ತಾರೆ. ಉಜ್ಜದೇ ಉಳಿದದ್ದಕ್ಕೆ ಬೆಲೆ ಜಾಸ್ತಿ. ಅದಕ್ಕೇ ಈಗ ಉಜ್ಜಿದ ಜಾಗದಲ್ಲಿ ಹೊಸದಾಗಿ ಲಾಂಛನ ಕೊರೆದು ಮಾರುತ್ತಿದ್ದಾರೆ. ಲಾಂಛನದಲ್ಲಿ ಎರಡು ಕೈಗಳು ಕುಲುಕುತ್ತಿವೆ, ಒಂದು ಕೋಲು, ಅದರ ತುದಿಗೆ ಟೊಪ್ಪಿಗೆ, ಮೇಲೆ ಸೂರ್ಯ. ಮೂಲದ್ದರಲ್ಲಿ ಕೈ ಬೆರಳುಗಳನ್ನು ಎಣಿಸಬಹುದು. ಲಾಂಛನ ಇರುವ ದುಂಡನೆಯ ಭಾಗವನ್ನು ಬೆಳಕಿಗೆ ಅಡ್ಡ ಹಿಡಿದು ತಿರುಗಿಸಿ ನೋಡಿ. ದುಂಡಗಿರುವ ಕಡೆ ಸ್ವಲ್ಪ ಚಪ್ಪಟೆ ಕಂಡರೆ ಒಮ್ಮೆ ಉಜ್ಜಿದ್ದಾರೆ ಅಂತ ಅರ್ಥ.

ಇದಕ್ಕಿಂತ ಅಪಾಯದ್ದು ಚಿಲಿಯ 1895ರ ಮೌಸರ್. ಅದು 7 ಮಿಲಿಮೀಟರ್ ಮೌಸರ್ ಗುಂಡಿಗೆ ಮಾಡಿದ ರೈಫಲ್. 1960ರ ದಶಕದಲ್ಲಿ ಕೆಲವನ್ನು 7.62 ನೇಟೋ ಗುಂಡಿಗೆ ಬದಲಾಯಿಸಿದರು, ಹಳೇ ಚೇಂಬರ್ ಒಳಗೆ ಒಂದು ಕೊಳವೆ ಕೂರಿಸಿ. ನೇಟೋ ಗುಂಡಿನ ಒತ್ತಡ ಹಳೆಯದಕ್ಕಿಂತ ಹೆಚ್ಚು. ಮುಂದೆ 1898ರ ಮೌಸರ್‌ಗೆ ಕೊಟ್ಟ ಮೂರನೇ ರಕ್ಷಣಾ ಹಲ್ಲು ಈ ಬೋಲ್ಟ್‌ಗೆ ಇಲ್ಲ. ಗುಂಡಿನ ಕವಚ ಒಡೆದರೆ ಬಿಸಿ ಅನಿಲ ಬೋಲ್ಟ್ ಹಾದಿಯಲ್ಲೇ ಹಿಂದಕ್ಕೆ, ಹಾರಿಸುವವರ ಕಣ್ಣಿನ ಕಡೆಗೆ ಬರುತ್ತದೆ. ಇವತ್ತಿನ ಅಂಗಡಿಯ ಪಾಯಿಂಟ್ 308 ಗುಂಡು ಅದರೊಳಗೆ ಸಲೀಸಾಗಿ ಕೂರುತ್ತದೆ. ಕೂರುತ್ತದೆ ಅಂತ ಹಾರಿಸಬೇಡಿ. ಗೋಡೆಗೆ ಹಾಕಿ ನೋಡಿ ಸಂತೋಷಪಡಿ.

ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದಲ್ಲಿ ಇರುವ ಹುಡುಗರು ಕೆಲವರು ನನ್ನ ಸಂಗ್ರಹ ನೋಡಿ ನಮಗೂ ಒಂದು ಕೊಡಿಸಿ ಅಂತಾರೆ. ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವುದಕ್ಕೆ ಇಲ್ಲಿ ಫೆಡರಲ್ ಕಾನೂನಿನ ನಿಷೇಧ ಇದೆ, ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿ ಬಿಟ್ಟು. ವಕೀಲರನ್ನು ಕೇಳದೆ ಮುಟ್ಟಬೇಡಿ.

ಮಾರಿದವರಿಗೆ ನಾನು ಎಲ್ಲ ಫೋಟೋ ಹಾಕಿ ಬರೆದೆ. ಮೂರು ದಿನ ಮುಗಿದಿದೆ ಅಂತ ಒಂದೇ ಸಾಲಿನ ಉತ್ತರ ಬಂತು. ಎರಡನೇ ಪತ್ರಕ್ಕೆ ಉತ್ತರವೇ ಬರಲಿಲ್ಲ. ನೀವು ಕೊಳ್ಳುವಾಗ ಡೀಲರ್ ಕೌಂಟರಿನಲ್ಲೇ, ಸಹಿ ಮಾಡುವ ಮೊದಲೇ ಬಿಚ್ಚಿಸಿ ನೋಡಿ. ಬ್ಯಾರೆಲ್, ಸ್ಲೈಡ್, ಫ್ರೇಮ್ ಮೂರರ ನಂಬರ್ ಓದಿ. ನಿಮಗೆ ಬಿಚ್ಚಲು ಬರದಿದ್ದರೆ ಐವತ್ತು ಡಾಲರ್ ಕೊಟ್ಟಾದರೂ ಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಿ. ನಂಬರಿನ ಫೋಟೋ ಕೇಳಿದರೆ ಕೊಡದ ಮಾರಾಟಗಾರರನ್ನು ಅಲ್ಲಿಗೇ ಬಿಟ್ಟುಬಿಡಿ.

ಕೊನೆಗೆ ಆ ಪಿಸ್ತೂಲನ್ನು ಬಿಡಿ ಭಾಗಕ್ಕೆ ಅಂತ ಮೆಕ್ಯಾನಿಕ್ ಒಬ್ಬರಿಗೆ 350 ಡಾಲರ್‌ಗೆ ಮಾರಿದೆ. ಸಿಯರ್ ಉಜ್ಜಿದ್ದು, ಬ್ಯಾರೆಲ್ ಬದಲಾಗಿದ್ದು, ಬಣ್ಣ ಹೊಸದು ಅಂತ ರಸೀದಿಯ ಮೇಲೇ ಬರೆದು ಕೊಟ್ಟೆ. ಅವರು ಓದಿ ತಲೆಯಾಡಿಸಿದರು. ಆಮೇಲೆ, ಸರ್ಟಿಫಿಕೇಟ್ ಕೂಡ ಕೊಡ್ತೀರಾ ಅಂತ ಕೇಳಿದರು. ಇಲ್ಲ ಅಂದೆ. ಅವತ್ತು ರಾತ್ರಿ ಅದನ್ನು ನಾಲ್ಕು ಚೂರು ಮಾಡಿ ಒಲೆಗೆ ಹಾಕಿದೆ.