ಗುಳಿಗೆಯೋ, ನವಲೂರ ಪೇರಲವೋ?

ಧಾರವಾಡದಲ್ಲಿ ಕುಸ್ತಿ, ಜೂಡೋ ಆಡುವ ಹುಡುಗರ ಚೀಲದಲ್ಲಿ ಈಗ ವಿಟಮಿನ್ ಗುಳಿಗೆ ಇದ್ದೇ ಇರುತ್ತದೆ. ಬೇಕಾ ಅದು?

ಜೋರಾಗಿ ದಣಿದಾಗ ಸ್ನಾಯುಗಳಲ್ಲಿ, ಜೀವಕೋಶಕ್ಕೆ ಹಾನಿ ಮಾಡಬಲ್ಲ ಚುರುಕು ಕಣಗಳಾದ ಫ್ರೀ ರ್‍ಯಾಡಿಕಲ್‌ಗಳು ಜಾಸ್ತಿಯಾಗುತ್ತವೆ. ಅದೇ ಆಕ್ಸಿಡೇಟಿವ್ ಸ್ಟ್ರೆಸ್. ವಿಟಮಿನ್ ಸಿ, ಇ ಅದನ್ನು ತಗ್ಗಿಸುತ್ತವೆ. ಹಾಗಾದರೆ ಗುಳಿಗೆಯೇ ವಾಸಿ ಅಲ್ವಾ? ಅಲ್ಲ. 'ಗಟ್ಟಿಯಾಗು' ಎಂದು ಸ್ನಾಯುವಿಗೆ ಸುದ್ದಿ ಮುಟ್ಟಿಸುವುದೂ ಅವೇ ಫ್ರೀ ರ್‍ಯಾಡಿಕಲ್‌ಗಳು. 2009ರ ಒಂದು ಜರ್ಮನ್ ಅಧ್ಯಯನದಲ್ಲಿ ಯುವಕರಿಗೆ 4 ವಾರ ದಿನಾ 1000 ಮಿಲಿಗ್ರಾಂ ಸಿ, 400 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ಇ ಕೊಟ್ಟರು. ವ್ಯಾಯಾಮದಿಂದ ಇನ್ಸುಲಿನ್ ಇನ್ನೂ ಚೆನ್ನಾಗಿ ಕೆಲಸ ಮಾಡಬೇಕಿತ್ತು. ಆ ಲಾಭವೇ ಸಿಗಲಿಲ್ಲ. ಅವರು ಪೈಲ್ವಾನರಲ್ಲ, ಅದು ಬೇರೆ ಮಾತು.

ದೊಡ್ಡವರಿಗೆ ದಿನಕ್ಕೆ ಬೇಕಾದ ಸಿ ಸುಮಾರು 80 ಮಿಲಿಗ್ರಾಂ. ಬುಟ್ಟಿಯಲ್ಲಿ ಎಲೆ ಸಮೇತ ಇಟ್ಟು ಮಾರುವ ನವಲೂರ ಪೇರಲ ಒಂದು ಸಾಕು, ಉಪ್ಪು-ಖಾರ ಹಚ್ಚಿಕೊಂಡು. ಇ ಬೇಕಾ? ರೊಟ್ಟಿ ಜೊತೆ ಶೇಂಗಾ ಚಟ್ನಿ ಇದೆಯಲ್ಲ.

ತೂಕ ಇಳಿಸಲು ಊಟ ಬಿಟ್ಟವರಿಗೆ, ರಕ್ತ ಪರೀಕ್ಷೆಯಲ್ಲಿ ಕೊರತೆ ಕಂಡವರಿಗೆ ಗುಳಿಗೆ ಸರಿ, ಡಾಕ್ಟರು ಹೇಳಿದಷ್ಟು. ಸಿಕ್ಕ ಡಬ್ಬಿ ಸುಮ್ನೆ ಕೊಳ್ಳಬೇಡಿ. ಅದರಲ್ಲಿ ನಿಷೇಧಿತ ಮದ್ದು ಬೆರೆತಿದ್ದರೆ ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದು ನೀವೇ. ನನ್ನ ಓಟು ಪೇರಲಕ್ಕೆ.